ಕೆಂಪು ದೀಪಕ್ಕೆ ನಾನೊಬ್ಬಳೇ ಗತಿಯೇ?

ಮಾನ್ಯ ಸ್ವಯಂಚಾಲಿತ ಪರೀಕ್ಷಾ ಯಂತ್ರ ಮಹಾಶಯರೇ,

ತಮ್ಮ ಪಾದಗಳು ಎಲ್ಲಿವೆಯೆಂದು ತಿಳಿಯದ ಕಾರಣ ತಂತಿಗಳಿಗೇ ನಮಸ್ಕರಿಸಿ ಬಿನ್ನವಿಸಿಕೊಳ್ಳುವುದೇನೆಂದರೆ, ಕಣ್ಣು ಕಾಣದವರಿಗೆ ಬರಹವನ್ನು ಓದಿ ಹೇಳುವ ನಮ್ಮ ತಂತ್ರಾಂಶವನ್ನು ಬಿಡುವಿದ್ದವರೆಲ್ಲ ಸೇರಿ ಪುಕ್ಕಟೆಯಾಗಿ ಕಟ್ಟುತ್ತಿದ್ದೇವೆ. ಅದರಲ್ಲಿ ಯಾರು ಏನನ್ನು ಬದಲಿಸಿದರೂ ತಾವು ತಕ್ಷಣ ಓಡಿಸಿ ನೋಡಿ, ಸರಿಯಿದ್ದರೆ ಹಸಿರು ದೀಪ, ತಪ್ಪಿದ್ದರೆ ಕೆಂಪು ದೀಪ ತೋರಿಸುತ್ತೀರಿ. ಆಹಾ, ಎಂಥ ನಿಷ್ಠೆ! ಆದರೆ ಸ್ವಾಮಿ, ಹಸಿರಾದಾಗ ಎಲ್ಲರ ಬೆನ್ನು ತಟ್ಟುವ ತಾವು ಕೆಂಪಾದ ಕೂಡಲೇ ನನ್ನೊಬ್ಬಳ ಫೋನಿಗೇ ಬಂದು ಅರಚಿಕೊಳ್ಳುವುದೇಕೆ? ಮೊದಲ ದಿನ ತಮ್ಮನ್ನು ಜೋಡಿಸಿಕೊಟ್ಟೆನೆಂಬ ಒಂದೇ ಕಾರಣಕ್ಕೆ ನಾನು ತಮ್ಮ ಜೀವಮಾನದ ದಾದಿಯಾಗಿಬಿಟ್ಟೆನೆ?

ಬಳಗದವರ ಮೇಲೆ ಚಾಡಿ ಹೇಳಲಾರೆ, ಅವರೆಲ್ಲ ಅಪ್ಪಟ ಚಿನ್ನ. ತಾವು ಕೆಂಪಾದರೆ ಗಡ್ಡದಣ್ಣನವರು "ಅಯ್ಯೋ ಬಿಡಮ್ಮಾ, ಇನ್ನೊಂದ್ಸಲ ಓಡ್ಸು, ತಾನೇ ಹಸಿರಾಗತ್ತೆ" ಎನ್ನುತ್ತಾರೆ. ಪರದೆಗೆ ಬಣ್ಣ ಆರಿಸುವ ಅಕ್ಕನವರಂತೂ ಕೆಂಪು ಕಣ್ಣಿಗೆ ಹಿತವಿಲ್ಲವೆಂದು ಅದನ್ನು ತಿಳಿಗುಲಾಬಿ ಮಾಡಿಬಿಟ್ಟಿದ್ದಾರೆ. ನಾನು ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದ ದಿನ ಇವರು ಹೀಗೆಯೇ ಮತ್ತೆ ಮತ್ತೆ ಓಡಿಸಿ ಹಸಿರಾಗಿಸಿ ಒಂದು ಬದಲಾವಣೆಯನ್ನು ಜನರ ಬಳಕೆಗೆ ಬಿಟ್ಟರು. ಮರುದಿನ ಕಣ್ಣು ಕಾಣದ ನನ್ನ ಸೋದರತ್ತೆಯ ಫೋನು: "ಏನೇ ಇದು, ಚೀಟೀಲಿ 1/2 ಮಾತ್ರೆ ಅಂತ ಇರೋದನ್ನ ನಿಮ್ಮ ತಂತ್ರಾಂಶ 12 ಮಾತ್ರೆ ಅಂತ ಓದ್ತಲ್ಲೇ! ನನ್ನನ್ನ ಬೇಗ ಕಳಿಸಿಬಿಡೋ ಆಸೆಯೇನೇ?" ತಾವು ಸತ್ಯವನ್ನೇ ಹೇಳಿದ್ದಿರಿ, ಕೇಳಿಸಿಕೊಂಡವರಿರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಅಂದು ಹಲ್ಲು ಕಿತ್ತ ಡಾಕ್ಟರನ್ನೇ ಈ ಭಾನುವಾರ ಮದುವೆಯಾಗುತ್ತಿದ್ದೇನೆ. ಹೌದು ಸ್ವಾಮಿ, ನೆಲದ ಮೇಲೆ ಕಾಲು ನಿಲ್ಲದಷ್ಟು ಖುಷಿ! ಆದರೆ ಮೊನ್ನೆ ಅವರು ಕೇಳಿದರು: "ನಾನು ಯಾರದ್ದೋ ಬಾಯಿ ತೆರೆಸಿಟ್ಟು ಎದ್ದು ಹೋಗಲ್ಲ. ನೀನು ಮದುವೆ ಮಧ್ಯೆ ಫೋನ್ ಹಿಡ್ಕೊಂಡು ಓಡ್ತೀಯಾ?" ಸೋದರತ್ತೆಯ ಹನ್ನೆರಡು ಮಾತ್ರೆಗಳು ಕಣ್ಣ ಮುಂದೆ ಬಂದವು, ಈ ಪತ್ರ ಬರೆಯಲು ಕುಳಿತೆ.

ಆದಕಾರಣ ತಾವು ಭಾನುವಾರ ಕೆಂಪಾಗಲೇಬೇಕಿದ್ದರೆ, ದಯಮಾಡಿ ಗಡ್ಡದಣ್ಣನವರ ಗಡ್ಡದೊಳಗೆ ಮಿನುಗಬೇಕು, ಬಣ್ಣದ ಅಕ್ಕನವರ ಲೋಟದ ಹಾಲನ್ನು ಕೆಂಪಾಗಿಸಬೇಕು, ಉಳಿದವರ ಮನೆಬಾಗಿಲು ಬಡಿದು, ಸೋಫಾದ ಮೇಲೆ ಕಾಲು ಚಾಚಿ ಕುಳಿತು, ತಪ್ಪನ್ನು ತಿದ್ದುವ ತನಕ ಜಪ್ಪಯ್ಯ ಅಂದರೂ ಏಳಬಾರದು. ಇಷ್ಟೂ ಆಗದಿದ್ದರೆ ಮದುವೆಗೇ ಬಂದುಬಿಡಿ, ತಮ್ಮ ಊಟಕ್ಕೆ ಕರೆಂಟಿನ ಏರ್ಪಾಡು ಮಾಡಿಸುತ್ತೇನೆ.

ತಮ್ಮ ವಿಶ್ವಾಸಿ,
ಭಾನುವಾರ ಒಂದು ದಿನವಾದರೂ ಬರೀ ಮದುಮಗಳಾಗಿರಬೇಕೆಂದಿರುವವಳು

ತಾ.ಕ.: ಈ ಪತ್ರವನ್ನು ನಮ್ಮ ತಂತ್ರಾಂಶದ ಕಡತಗಳಿಗೆ ಸೇರಿಸಲು ಬಳಗದ ಒಪ್ಪಿಗೆಗೆ ಹಾಕಿದ್ದೆ. ಎಂದಿನಂತೆ ಎಲ್ಲರೂ ಓದದೆಯೇ "ಸೂಪರ್, ಸೇರಿಸಿಬಿಡಿ" ಎಂದರು. ಪತ್ರದ ಜೊತೆಗೆ, ಕೆಂಪು ದೀಪದ ಕರೆ ಇನ್ನು ಮೇಲೆ ವಾರಕ್ಕೊಬ್ಬರಂತೆ ಎಲ್ಲರ ಫೋನಿಗೂ ಸರದಿಯಲ್ಲಿ ಹೋಗಲೆಂಬ ಬದಲಾವಣೆಯೂ ಇತ್ತು. ತಾವು ಪರೀಕ್ಷಿಸಿ ಹಸಿರು ತೋರಿಸಿದಿರಿ, ಧನ್ಯವಾದಗಳು. ಈ ವಾರದ ಸರದಿ ಗಡ್ಡದಣ್ಣನವರದು. ಪಾಪ, ಅವರಿಗಿನ್ನೂ ಗೊತ್ತಿಲ್ಲ.