ಹನ್ನೊಂದು ಸೆಕೆಂಡಿನ ‘ಕುಂಯ್’ಗೆ ಕೃತಜ್ಞತೆಗಳು

ಟಿವಿ ಕಾರ್ಯಕ್ರಮಗಳ ಪರಿಶೀಲನಾ ಮಂಡಳಿಯ ಘನ ಅಧ್ಯಕ್ಷರಾದ ಮಾನ್ಯರೇ,

ಹೇಜಿನ್ ಬಂದರಿನ ಮೀನುಪೇಟೆಯಲ್ಲಿ ಮೂವತ್ತೊಂದು ವರ್ಷದಿಂದ ನೂಡಲ್ಸ್ ಅಂಗಡಿ ನಡೆಸುತ್ತಿರುವ, ಗುರುವಾರಗಳಂದು ಸ್ಥಳೀಯ ಟಿವಿಯಲ್ಲಿ ಅಡುಗೆ ಹೇಳಿಕೊಡುವ ಮಾ ಸುನ್‌ದೊಕ್ ಎಂಬ ನಾನು, ತಮ್ಮ ಕಿವಿಗಳ ಸೂಕ್ಷ್ಮತೆಗೆ ಸೊಂಟ ಬಗ್ಗಿಸಿ ನಮಸ್ಕರಿಸುತ್ತೇನೆ.

ಕಳೆದ ವಸಂತದಲ್ಲಿ ಹಿಟ್ಟು ನಾದುತ್ತಾ ನಾನು, “ಬಿರುಕು ಬಿಡಬಾರದು ಕಣ್ರಮ್ಮಾ, ನಮ್ಮ ಸೇತುವೆ ಥರ! ಸಚಿವರು ಬಂದು ರಿಬ್ಬನ್ ಕತ್ತರಿಸಿ ಹೋದ್ರು, ಬಿರುಕು ನೋಡೋಕೆ ಯಾರೂ ಬರ್ಲಿಲ್ಲ” ಎಂದಿದ್ದೆ. ಪ್ರಸಾರಕ್ಕೆ ಮೊದಲೇ ನೋಡಿದ ತಾವು ಆ ಹನ್ನೊಂದು ಸೆಕೆಂಡಿನ ಮಾತು ಅಸಭ್ಯವೆಂದು ಅದು ಕೇಳಿಸದಂತೆ ‘ಕುಂಯ್’ ಶಬ್ದ ಹಾಕಿಸಿ, ಮರುವಾರದಿಂದ ಕಾರ್ಯಕ್ರಮವನ್ನೇ ನಿಲ್ಲಿಸಿದಿರಿ. ಅದರ ನಿರ್ಮಾಪಕಿ ತಾಕ್ ಯೊನ್‌ಹಿಯನ್ನು ಹಳೆಯ ಟೇಪುಗಳ ಕೋಣೆಗೆ ಅಟ್ಟಲಾಯಿತು.

ತಮ್ಮ ಕೃಪೆಯಿಂದ ನನಗೆ ದೊರೆತ ಕೀರ್ತಿಯನ್ನು ಹೇಗೆ ವರ್ಣಿಸಲಿ! “ಅಜ್ಜೀ, ಆ ಕುಂಯ್ ಒಳಗೆ ಏನಂದ್ರಿ?” ಎಂದು ಕೇಳಲೆಂದೇ ಜನ ಬಂದು ಎರಡೆರಡು ಬಟ್ಟಲು ತಿಂದರು. ನಾನು ಸಚಿವರ ಏಳು ತಲೆಮಾರನ್ನೂ ಬೈದೆನೆಂದು ಕ್ಷೌರಿಕನ ಹೆಂಡತಿ ಪ್ರಮಾಣ ಮಾಡಿ ಹೇಳುತ್ತಿದ್ದಳು. ನನಗೋ ಇಷ್ಟೇ ಸಾಕೆನಿಸಿತ್ತು. ಯೊನ್‌ಹಿ ಒಪ್ಪಲಿಲ್ಲ. “ಅಕ್ಕಾ, ಇವತ್ತು ಸುಮ್ಮನಾದ್ರೆ ನಾಳೆ ಸಾರಿಗೆ ಉಪ್ಪು ಜಾಸ್ತಿ ಅನ್ನೋಕೂ ಅನುಮತಿ ಬೇಕಾಗುತ್ತೆ” ಎಂದವಳೇ ಕೋರ್ಟಿನ ಮೆಟ್ಟಿಲು ಹತ್ತಿದಳು. ಕೆಲಸ ಹೋದರೂ ಹೋಗಲಿ ಎಂದು ಹತ್ತಿದಳು.

ಅಲ್ಲಿ ನ್ಯಾಯಾಧೀಶೆಯವರು, “ಬಿರುಕು ಇದೆಯೋ ಇಲ್ಲವೋ?” ಎಂದು ಕೇಳಿದಾಗ ತಮ್ಮ ವಕೀಲರು, “ಇದೆ ಮೇಡಂ, ಆದ್ರೆ ಅಡುಗೆ ಕಾರ್ಯಕ್ರಮದಲ್ಲಿ ಇರಬಾರದು” ಎಂದು ಉತ್ತರಿಸಿದ ಪ್ರಾಮಾಣಿಕತೆಯನ್ನು ನಾನು ಸಾಯುವವರೆಗೂ ಮರೆಯಲಾರೆ. ಸರ್ಕಾರಕ್ಕೆ ಮುಜುಗರವಾಗುವ ಮಾತೆಲ್ಲ ಅಸಭ್ಯವಲ್ಲವೆಂದು ತೀರ್ಪಾಯಿತು. ತಮ್ಮ ಆದೇಶ ರದ್ದಾಗಿ, ಸಂಚಿಕೆಯನ್ನು ಇಡಿಯಾಗಿ ಪ್ರಸಾರ ಮಾಡಬೇಕೆಂದಾಯಿತು.

ಪ್ರಸಾರದ ದಿನ ಪೇಟೆಯೆಲ್ಲ ನನ್ನ ಅಂಗಡಿಯ ಟಿವಿ ಮುಂದೆ ಉಸಿರು ಬಿಗಿಹಿಡಿದು ಕೂತಿತ್ತು. ಹನ್ನೊಂದು ಸೆಕೆಂಡು ಕಳೆಯಿತು. “ಇಷ್ಟೇನಾ!” ಎಂದಳು ಚಿಪ್ಪುಮೀನು ಮಾರುವ ಪ್ಯೋ ಅಜ್ಜಿ, “ಇದಕ್ಕಿಂತ ಜೋರಾಗಿ ನನ್ನ ಗಂಡನಿಗೇ ದಿನಾ ಬೈತೀನಲ್ಲೇ!” ಬಟ್ಟಲು ಹಿಡಿದ ಯೊನ್‌ಹಿ ನಗುನಗುತ್ತಲೇ ಕಣ್ಣೊರೆಸಿಕೊಂಡಳು; ಅವಳಿಗೆ ಅವಳ ಕಾರ್ಯಕ್ರಮ ಮರಳಿ ಸಿಕ್ಕಿತ್ತು. ಮರುವಾರ ಸೇತುವೆಗೆ ಸಿಮೆಂಟೂ ಬಂತು. ನಾನು ಬರೀ ಹೇಳಿದ್ದರೆ ಬರುತ್ತಿರಲಿಲ್ಲ, ತಾವು ಮುಚ್ಚಿಟ್ಟಿದ್ದರಿಂದ ಬಂತು.

ಆದಕಾರಣ ಸವಿನಯ ಕೋರಿಕೆ: ನಮ್ಮ ಬಸ್ ನಿಲ್ದಾಣದ ಚಾವಣಿ ಸೋರುತ್ತಿದೆ. ಬರುವ ಗುರುವಾರ ನಾನು ಆ ಬಗ್ಗೆ ಮಾತಾಡಲಿದ್ದೇನೆ. ದಯವಿಟ್ಟು ನಿಷೇಧಿಸಿ ಉಪಕರಿಸಬೇಕು.

ಸದಾ ತಮ್ಮ ಪರಿಶೀಲನೆಯಲ್ಲಿರುವ,
ತಮ್ಮ ವಿಶ್ವಾಸಿ,
ಮಾ ಸುನ್‌ದೊಕ್

ವಿ.ಸೂ.: ಒಮ್ಮೆ ಊಟಕ್ಕೆ ಬನ್ನಿ. ತಮ್ಮ ಕತ್ತರಿಯನ್ನೂ ತನ್ನಿ. ನಮ್ಮಲ್ಲಿ ನೂಡಲ್ಸ್ ತುಸು ಉದ್ದ.