ಷಡ್ಡಕನ ಮನೆಯ ಕಡಲು

ಷಡ್ಡಕನ ಮನೆ ಪಕ್ಕದಲ್ಲೇ ಇದ್ದರೆ ಗಂಡಸಿಗೆ ವಾರಕ್ಕೊಂದು ಪ್ರಸಂಗ ತಪ್ಪಿದ್ದಲ್ಲ. ನನ್ನ ಹೆಂಡತಿಯ ತಂಗಿಯನ್ನು ಕಟ್ಟಿಕೊಂಡ ಈ ಪುಣ್ಯಾತ್ಮ ತಾಳವಾಡಿಯಿಂದ ಕೇರಳಕ್ಕೆ ತರಕಾರಿ ಲೋಡು ಹೊಡೆಯುತ್ತಾನೆ. ನಾನು ಮೋಟರ್ ವೈಂಡಿಂಗ್ ಮಾಡುವವನು. ಎರಡೂ ಮನೆಗಳ ನಡುವೆ ಒಂದೇ ಗೋಡೆ. ಅವನು ಟಿವಿ ತಂದರೆ ನಾನು ಅದಕ್ಕಿಂತ ದೊಡ್ಡ ಟಿವಿ ತಂದೆ. ನಾನು ಮಹಡಿ ಕಟ್ಟಿದರೆ ಅವನು ಮಹಡಿ ಕಟ್ಟಿ ಅದರಲ್ಲೊಂದು ಉಯ್ಯಾಲೆ ತೂಗುಹಾಕಿದ. ಹೀಗೇ ಸರಿಸಮವಾಗಿ ನಡೆಯುತ್ತಿತ್ತು. ಆಮೇಲೆ ಅವನು ಕೇರಳದ ಯಾವುದೋ ಹೋಟೆಲಿನಲ್ಲಿ ಉಪ್ಪುನೀರಿನ ಮೀನಿನ ತೊಟ್ಟಿ ನೋಡಿಕೊಂಡು ಬಂದ. "ಅಣ್ಣ, ನಮ್ಮನೆಗೆ ಕಡಲು ತತ್ತೀನಿ" ಅಂದ. ಈ ಬೆಟ್ಟದ ಮೇಲೆ ಕಡಲಿಗೆ ಸಮ ನಾನು ಏನು ತರಲಿ?

ಉಪ್ಪು, ನೀರು

ಅಂಗಳದಲ್ಲಿ ನೀಲಿ ಡ್ರಮ್ಮು ಇಟ್ಟು ಅದರೊಳಗೆ ಉಪ್ಪು ಕಲಸತೊಡಗಿದ. ನನಗೆ ತಡೆಯಲಿಲ್ಲ.

"ಏನಪ್ಪಾ, ನಮ್ಮೂರಂಗಡೀಲಿ ಕಲ್ಲುಪ್ಪು ಸಿಕ್ಕಲ್ವಾ?"

"ಅದು ಅಡುಗೇದು ಅಣ್ಣ. ಇದು ಮೀನ್ಗಂತ್ಲೇ ಮಾಡಿರೋದು."

ನಮ್ಮಿಬ್ಬರಿಗೂ ಹೆಣ್ಣು ಕೊಟ್ಟ ಅತ್ತೆ ಬಂದರು. ಡ್ರಮ್ಮಿಗೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡರು. "ಉಪ್ಪು ಸಾಕು ಕಣ ಅಳಿಮಯ್ಯ. ಇನ್ನ ಉಣಸೆಉಳಿ ಬುಡು" ಅಂದು ಹೊರಟುಹೋದರು. ನನಗೆ ಎರಡು ದಿನದ ನಗು ಸಿಕ್ಕಿತು.

ಆದರೆ ಬೋರ್‌ವೆಲ್ ನೀರು ಆ ಮೀನಿಗೆ ಆಗುವುದಿಲ್ಲವಂತೆ. ಅದಕ್ಕೆಂದೇ ಅವನು ಗೋಡೆಗೆ ಫಿಲ್ಟರ್ ಮಷೀನು ಹೊಡೆಸಿದ. ನನ್ನ ನಗು ಅಲ್ಲಿಗೆ ಮುಗಿಯಿತು.

"ಆ ಮನೇಲಿ ಇನ್ನೂ ಉಟ್ಟದೇ ಇರೋ ಮೀನ್ಗೂ ಫಿಲ್ಟರ್ ನೀರು. ಈ ಮನೇಲಿ ಕಟ್ಕೊಂಡೋಳ್ಗೂ ಬೋರ್ ನೀರು" ಅಂದಳು ನನ್ನಾಕೆ.

ಮಾರನೆಯ ದಿನದಿಂದ ನಾನು ಬಿಂದಿಗೆ ಹಿಡಿದು ಷಡ್ಡಕನ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಮೊದಲು ಮೀನಿನ ಡ್ರಮ್ಮು ತುಂಬಬೇಕು. ಆಮೇಲೆ ನನ್ನ ಬಿಂದಿಗೆ.

ಮನಸ್ಸು ಶುದ್ಧವಿರಬೇಕು

ಗಾಜಿನ ತೊಟ್ಟಿ ಕೂರಿಸಿದ ಮೇಲೂ ಮೀನು ಬರಲಿಲ್ಲ. ನೀರು ಹದಕ್ಕೆ ಬರಬೇಕು, ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ ಅಂದ. ಒಳಗೆ ಮರಳು, ನಾಲ್ಕು ಬಿಳಿ ಕಲ್ಲು, ಮೇಲೊಂದು ನೀಲಿ ಲೈಟು, ಅಷ್ಟೇ. ನನಗೆ ಹಬ್ಬವಾಯಿತು. ಪಣಕಹಳ್ಳಿಯ ನೆಂಟರನ್ನು ನಾನೇ ಕರೆದುಕೊಂಡು ಹೋದೆ. "ಬನ್ನಿ, ನಮ್ಮ ಷಡ್ಡಕ ನೀರು ಸಾಕವ್ನೆ, ನೋಡೀರಂತೆ!"

ಅವರಲ್ಲೊಬ್ಬ ಮುದುಕಿ ಗಾಜಿಗೆ ಮೂಗು ಒತ್ತಿ ನೋಡಿ ಕೂಗಿದಳು. "ಅಗೋ, ಓಯ್ತು!"

"ಎಲ್ಲವ್ವಾ?"

"ಈಗ್ತಾನೆ ಕಲ್ಲಿಂದಕ್ಕೆ ಓಯ್ತು ಕಣ್ಲಾ! ಕೆಂಪುಗಿತ್ತು."

ಪಕ್ಕದವನಿಗೂ ಒಂದು ಕಂಡಿತು. ಅವನ ಹೆಂಡತಿಗೆ ಎರಡು ಕಂಡವು. ಷಡ್ಡಕ ಕೈಕಟ್ಟಿ ನಿಂತಿದ್ದ. "ಅದ್ರಲ್ಲಿ ಏನೂ ಇಲ್ಲ ಕಣ್ರವ್ವ!" ಅಂತ ನಾನೇ ಗಂಟಲು ಹರಿದುಕೊಂಡೆ.

ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಿಂಗೆಲ್ಲಿ ಕಂಡದಪ್ಪ? ಮನ್ಸು ಸುದ್ದ ಇರ್ಬೇಕು."

ಬಸ್ಸಿನಲ್ಲಿ ನಾನೇ ಯಜಮಾನ

ಕೊನೆಗೂ ಮೀನು ಬಂತು, ಅದೂ ನನ್ನ ತೊಡೆಯ ಮೇಲೆ. ನಾನು ತಾಮ್ರದ ತಂತಿಗೆಂದು ಸತ್ಯಮಂಗಲಕ್ಕೆ ಹೋಗಿದ್ದೆ. ಕೊಯಮತ್ತೂರಿನಿಂದ ಪಾರ್ಸೆಲ್ ಅಲ್ಲಿಗೆ ಬಂದಿದೆ, ತಂದುಕೊಡು ಅಂತ ಷಡ್ಡಕ ಫೋನು ಮಾಡಿದ. ನೀರು, ಗಾಳಿ ತುಂಬಿದ ಕವರಿನಲ್ಲಿ ಎರಡು ಮೀನು. ಕಿತ್ತಳೆ ಬಣ್ಣ, ಮೈಗೆ ಬಿಳಿ ಪಟ್ಟೆ. ದಿಂಬದ ಘಾಟಿಯ ತಿರುವುಗಳಲ್ಲಿ ಬಸ್ಸು ವಾಲಿದಾಗೆಲ್ಲ ಕವರು ಎದೆಗೊತ್ತಿ ಹಿಡಿದೆ.

ಇಡೀ ಬಸ್ಸು ನನ್ನನ್ನೇ ನೋಡುತ್ತಿತ್ತು. ಕಂಡಕ್ಟರು ಬಂದು, ಸಾರಿಗೋ ಹುರಿಯಲಿಕ್ಕೋ ಅಂತ ತಮಿಳಿನಲ್ಲಿ ಕೇಳಿದ. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು, "ಸಾಕಕ್ಕೆ. ನಮ್ಮನೇಲಿ ಕಡಲೇ ಐತೆ" ಅಂದುಬಿಟ್ಟೆ. ಒಂದು ಸಲ ಹೇಳಿದ ಮೇಲೆ ನಿಲ್ಲಿಸುವುದು ಕಷ್ಟ. ಉಪ್ಪಿನ ಲೆಕ್ಕ, ನೀರಿನ ಹದ, ನೀಲಿ ಲೈಟು ಎಲ್ಲವನ್ನೂ ಹಾಸನೂರಿನ ತನಕ ವಿವರಿಸಿದೆ.

ಪಕ್ಕದಲ್ಲಿ ಕೂತಿದ್ದ ದೊಡ್ಡಗಾಜನೂರಿನವರೊಬ್ಬರು ಕಣ್ಣರಳಿಸಿದರು. "ಓ, ಅದು ನಿಮ್ದೇನಾ? ಕೇಳಿವ್ನಿ ಕೇಳಿವ್ನಿ. ನಿಮ್ಮ ಗೋಡೆ ಪಕ್ದಲ್ಲಿ ಒಬ್ಬ ಒಟ್ಟೆಕಿಚ್ಚಿನ ಷಡ್ಡಕ ಅವ್ನಂತಲ್ಲ?"

"ಅವ್ನೆ" ಅಂದೆ.

"ಉಸಾರು" ಅಂದರು.

ಖಾಕಿ ಅಂಗಿ

ಆಮೇಲೆ ಒಂದು ಬೆಳಗ್ಗೆ ಕರೆಂಟ್ ಲೈನಿನ ಮೇಲೆ ಮರ ಬಿತ್ತು. ಷಡ್ಡಕ ಓಡಿಬಂದ. ಅವನ ಲೋಡು ಆಗಲೇ ತುಂಬಿ ನಿಂತಿತ್ತು.

"ಅಣ್ಣ, ಮೀನ್ಗೆ ಗಾಳಿ ಕೊಡೋ ಮೋಟ್ರು ನಿಂತೋಯ್ತು. ನಾ ಓಗ್ಲೇಬೇಕು. ನಿನ್ನ ಕೈಲಿ ಬುಟ್ಟಿವ್ನಿ."

ನಿಜ ಹೇಳುತ್ತೇನೆ, ಒಳಗೊಳಗೆ ಒಂದು ಖುಷಿ ಎದ್ದಿತು. ಕೈಕಟ್ಟಿ ಕೂತರೆ ಸಾಕು, ಕಡಲು ತಾನಾಗಿಯೇ ಮುಗಿಯುತ್ತಿತ್ತು. ಹೋಗಿ ನೋಡಿದೆ. ಎರಡೂ ಮೀನು ನೀರಿನ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ನನಗೆ ಆಗದಿದ್ದದ್ದು ಷಡ್ಡಕ. ಪಾಪ, ಮೀನುಗಳು ನನಗೇನು ಮಾಡಿದ್ದವು? ಬೆಳೆಗೆ ಔಷಧಿ ಹೊಡೆಯುವ ಮಷೀನಿನ ಬ್ಯಾಟರಿ ಬಿಚ್ಚಿ, ನನ್ನ ಅಂಗಡಿಯ ಚಿಕ್ಕ ಇನ್ವರ್ಟರಿಗೆ ಕೊಟ್ಟು ಗಾಳಿ ಮೋಟರ್ ಓಡಿಸಿದೆ. ಬ್ಯಾಟರಿ ಸೋತಾಗ ಚೊಂಬಿನಲ್ಲಿ ನೀರೆತ್ತಿ ಎತ್ತರದಿಂದ ಸುರಿದೆ. ಎರಡು ದಿನ ಅಂಗಡಿ ತೆಗೆಯಲಿಲ್ಲ, ಮೈಮೇಲಿನ ಖಾಕಿ ಅಂಗಿಯನ್ನೂ ಬಿಚ್ಚಲಿಲ್ಲ. ಷಡ್ಡಕ ಚಿಟಿಕೆ ಮೇವು ಹಾಕು ಅಂದಿದ್ದ. ನಾನು ಪಾಪ ಅಂತ ಇನ್ನೊಂದು ಚಿಟಿಕೆ ಹಾಕಿದೆ.

ಅವನು ವಾಪಸು ಬರುವಷ್ಟರಲ್ಲಿ ಕರೆಂಟು ಬಂದಿತ್ತು. ಮೀನು ಬದುಕಿದ್ದವು. ಷಡ್ಡಕ ಖುಷಿಯಿಂದ ತೊಟ್ಟಿಯ ಮುಂದೆ ನಿಂತು ಕರೆದ. ಎರಡೂ ಕಲ್ಲಿನ ಸಂದಿಗೆ ಹೋದವು. ನಾನು ನಿಂತೆ. ಎರಡೂ ಈಚೆ ಬಂದು ಗಾಜಿಗೆ ಮೂತಿ ಇಟ್ಟವು. "ಅಯ್ಯೋ, ಬಾವ್ನೇ ಬೇಕಂತೆ ಇವುಕ್ಕೆ!" ಅಂತ ನಾದಿನಿ ಚಪ್ಪಾಳೆ ತಟ್ಟಿದಳು. ಷಡ್ಡಕ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ.

ನಾಲ್ಕನೆಯ ದಿನ ನಾದಿನಿ ನಮ್ಮನೆಗೆ ಬಂದು, "ಬಾವ, ಅಂಗಡೀಲಿ ಆಕ್ಕಳೋ ನಿಮ್ಮ ಖಾಕಿ ಅಂಗಿ ಕೊಡ್ಬೇಕಂತೆ" ಅಂದಳು.

"ಯಾಕವ್ವ?"

"ಮೀನು ಮನುಸನ್ನ ಗುರ್ತಿಡಿಯಲ್ವಂತೆ, ಅಂಗೀನಂತೆ."

ಕೊಟ್ಟೆ. ಕೊಟ್ಟು ಹಿಂದೆಯೇ ಹೋಗಿ ಬಾಗಿಲ ಸಂದಿಯಲ್ಲಿ ಇಣುಕಿದೆ. ಷಡ್ಡಕ ನನ್ನ ಅಂಗಿ ತೊಟ್ಟು, ಗುಂಡಿ ಹೊಟ್ಟೆಗೆ ಸಾಲದೆ ಉಸಿರು ಬಿಗಿಹಿಡಿದು, ತೊಟ್ಟಿಯ ಮುಂದೆ ನಿಂತಿದ್ದ. ಮೀನು ಎರಡೂ ಸರಸರ ಬಂದವು. ಅಂಗಿ ನೋಡಿದವು. ನಿಧಾನವಾಗಿ ಮೇಲಕ್ಕೆ ಏರಿ ಮುಖ ನೋಡಿದವು.

ಬಂದ ದಾರಿಯಲ್ಲೇ ವಾಪಸು ಹೋದವು.