ಕರ್ಕಾಟಕದ ಐದು ಗ್ರಹಗಳೂ ನಮ್ಮ ಬೀದಿಯ ದೀಪವೂ

ಚರ್ಚಾಸ್ಪರ್ಧೆಗಳಲ್ಲಿ ಪಳಗಿದವರಿಗೆ ಯಾರೂ ಕಲಿಸದ ಪಾಠವೊಂದಿದೆ: ಗೆದ್ದ ಮೇಲೆ ಏನು ಮಾಡಬೇಕು ಎಂಬುದು. ಕಾಲೇಜಿನಲ್ಲಿ ಅದರ ಅಗತ್ಯವೇ ಬೀಳುವುದಿಲ್ಲ. ಗಂಟೆ ಹೊಡೆಯುತ್ತದೆ, ತೀರ್ಪುಗಾರರು ತಲೆಯಾಡಿಸುತ್ತಾರೆ, ಗೆದ್ದವನು ಬಹುಮಾನದ ಲೋಟ ಹಿಡಿದು ಮನೆಗೆ ಹೋಗುತ್ತಾನೆ. ವಿಷಯ ವೇದಿಕೆಯ ಮೇಲೆಯೇ ಉಳಿಯುತ್ತದೆ. ಯಂತ್ರಗಳೆಲ್ಲವೂ ಮನುಕುಲಕ್ಕೆ ಶಾಪವೆಂದು ಶಿರಾದಲ್ಲಿ ಸಾಧಿಸಿ ಗೆದ್ದ ಸಂಜೆ ನಾನು ಮಧುಗಿರಿಗೆ ಮರಳಿದ್ದು ಬಸ್ಸಿನಲ್ಲಿಯೇ. ಆದರೆ ಸ್ವಂತ ಮನೆಯ ಬಾಗಿಲಲ್ಲಿ ನಿಂತು ವಾದಿಸಿ ಗೆದ್ದವನು ಎಲ್ಲಿಗೆ ಹೋಗಬೇಕು? ಈ ಬೇಸಿಗೆಯಲ್ಲಿ ನನಗೆ ಒದಗಿದ ಪ್ರಶ್ನೆ ಇದು.

ಸಮಾಜವನ್ನು ತಿದ್ದಬೇಕೆಂಬ ಹುಮ್ಮಸ್ಸು ನನಗೆ ವಿದ್ಯಾರ್ಥಿದೆಸೆಯಿಂದಲೂ ಇದೆ. ತಿದ್ದಿಸಿಕೊಳ್ಳುವ ಹುಮ್ಮಸ್ಸು ಸಮಾಜಕ್ಕೆ ಇನ್ನೂ ಬಂದಿಲ್ಲ. ಈ ಸಲ ನಾನು ಕೈಗೆತ್ತಿಕೊಂಡದ್ದು ಆಕಾಶವನ್ನು. ನಮ್ಮ ಜನ ಒಂಬತ್ತು ಗ್ರಹಗಳಿಗೆ ಹೆದರುತ್ತಾರೆ. ಬೇರೆ ಬೇರೆ ನಕ್ಷತ್ರಗಳ ಸುತ್ತ ಸಾವಿರಾರು ಗ್ರಹಗಳು ಪತ್ತೆಯಾಗಿವೆಯೆಂದು ತಿಳಿದರೆ ಆ ಹೆದರಿಕೆ ತಾನಾಗಿ ಕಳಚಿಬೀಳುತ್ತದೆ ಎಂಬುದು ನನ್ನ ಸಿದ್ಧಾಂತ. “ಸಾವಿರಾರಕ್ಕೂ ಹೆದರೋಕೆ ಶುರು ಮಾಡಿದ್ರೆ?” ಎಂದು ನನ್ನ ಹೆಂಡತಿ ಸುಶೀಲ ಕೇಳಿದಳು. ವಿಷಯಾಂತರವೆಂದು ತಳ್ಳಿಹಾಕಿದೆ. ದೊಡ್ಡೇರಿಯ ಶಾಲೆಯೊಂದರಲ್ಲಿ, ಉರಿಯುವ ಬಲ್ಬಿನ ಮುಂದೆ ದಾರಕ್ಕೆ ಕಟ್ಟಿದ ಕಡಲೆಕಾಯಿಯನ್ನು ಸುತ್ತಿಸಿ ತೋರಿಸಿದೆ. ಗ್ರಹವು ತನ್ನ ನಕ್ಷತ್ರಕ್ಕೆ ಅಡ್ಡ ಬಂದಾಗ ಬೆಳಕು ಕಿಂಚಿತ್ತು ಕುಂದುತ್ತದೆ. ಆ ಕುಂದನ್ನು ಅಳೆದೇ ವಿಜ್ಞಾನಿಗಳು ಅಲ್ಲೊಂದು ಗ್ರಹವಿದೆಯೆಂದು ಅರಿಯುತ್ತಾರೆ. ಮಕ್ಕಳಿಗೆ ಅರ್ಥವಾಯಿತು. ಕಡಲೆಕಾಯಿಯನ್ನು ಕೊನೆಗೆ ಯಾರು ತಿನ್ನಬೇಕೆಂಬ ಜಗಳವೂ ಆಯಿತು.

ಇನ್ನು ನಮ್ಮ ಬೀದಿಯ ಸಂಗತಿ. ನಮ್ಮ ಮನೆಯೆದುರಿಗೇ ದೀಪದ ಕಂಬವೊಂದಿತ್ತು. ಹುಣಸೆಹಣ್ಣಿನ ಕಾಲ ಬಂತೆಂದರೆ ಬೀದಿಯ ಹೆಂಗಸರು ಮಂಡಿಯಿಂದ ಮೂಟೆ ತರಿಸಿಕೊಂಡು, ಸಂಜೆ ಆ ದೀಪದಡಿ ವೃತ್ತವಾಗಿ ಕುಳಿತು, ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಕುಟ್ಟಿ ಬೀಜ ಬಿಡಿಸುತ್ತಿದ್ದರು. ವೈ.ಎನ್.ಹೊಸಕೋಟೆಯ ಕಡೆಯಿಂದ ಬಂದ ಎದುರುಮನೆಯ ಗಂಗಮ್ಮ ಆ ಸಭೆಯ ಅಧ್ಯಕ್ಷಿಣಿ. ನಮಗೆ ಹುಣಸೆಯ ಸಂಬಂಧವೇ ಇಲ್ಲದಿದ್ದರೂ ಸುಶೀಲ ಹೋಗಿ ಅವರ ಬುಟ್ಟಿಗೆ ಕೈಹಾಕುತ್ತಿದ್ದಳು. ನಾನು ಜಗಲಿಯ ಮೇಲೆ ಪುಸ್ತಕ ಹಿಡಿದಿರುತ್ತಿದ್ದೆ. ಅವರ ಮಾತು ಕೇಳಿಸುತ್ತಿಲ್ಲವೆಂದು ತೋರಿಸಿಕೊಳ್ಳಲು ಆಗಾಗ ಪುಟ ತಿರುವುತ್ತಿದ್ದೆ. ಯಾರ ಮನೆಯ ಸೊಸೆ ತವರಿಗೆ ಹೋದಳು, ಯಾರ ಮೇಕೆ ಯಾರ ಹೀರೆಬಳ್ಳಿ ಮೇಯ್ದಿತು ಎಂಬುದೆಲ್ಲ ನನಗೆ ತಿಳಿಯುತ್ತಿದ್ದುದು ಆ ಪುಟಗಳ ನಡುವೆಯೇ.

ಆಗ ಬಂತು ನನ್ನ ದೂರದರ್ಶಕ. ಕರ್ಕಾಟಕ ರಾಶಿಯಲ್ಲಿ ಮಂಕಾದ ನಕ್ಷತ್ರವೊಂದಿದೆ. ಅದಕ್ಕೆ ಐದು ಗ್ರಹಗಳ ಸಂಸಾರ. ನನ್ನ ಪಾಲಿಗೆ ಅದು ಬೇಕೇಬೇಕಾಗಿತ್ತು. ಆದರೆ ಕಂಬದ ದೀಪ ಕಣ್ಣಿಗೆ ಕುಕ್ಕುತ್ತಿತ್ತು. ದೀಪ ತೆಗೆಯಬೇಕೆಂಬ ಪಕ್ಷವನ್ನು ನಾನು ಬೀದಿಯಲ್ಲಿಯೇ ಮಂಡಿಸಿದೆ.

“ಚುಕ್ಕಿ ಕಂಡು ಏನ್ ಮಾಡ್ಬೇಕು ಮೇಷ್ಟ್ರೇ? ಹುಣಸೆಬೀಜ ಕಾಣ್ಬೇಕಲ್ಲ!” ಎಂದಳು ಗಂಗಮ್ಮ.

ಕತ್ತಲೆಯೂ ಒಂದು ಸಾರ್ವಜನಿಕ ಸಂಪತ್ತು. ಹಿಂದಿನ ಬೀದಿಯವರು ಬಹುಕಾಲದಿಂದ ದೀಪ ಬೇಡುತ್ತಿದ್ದಾರೆ. ಉಳ್ಳವರು ಇಲ್ಲದವರಿಗೆ ಬಿಟ್ಟುಕೊಡುವುದೇ ನ್ಯಾಯ—ಹೀಗೆ ವಾದ ಬೆಳೆಸಿದೆ. ನ್ಯಾಯದ ಮಾತು ಬಂದಮೇಲೆ ಗಂಗಮ್ಮ ಕೈ ಕೊಡವಿದಳು. “ನೀವೇ ಗೆದ್ರಿ ಬುಡಿ.” ನಾನು ಪುರಸಭೆಗೆ ಅಲೆದೆ. ದೀಪ ಹಿಂದಿನ ಬೀದಿಗೆ ಹೋಯಿತು.

ಮೊದಲ ಸಂಜೆ ಎಲ್ಲರೂ ಬಂದರು. ಗಂಗಮ್ಮ ಸೆರಗು ಬಿಗಿದು ದೂರದರ್ಶಕಕ್ಕೆ ಕಣ್ಣಿಟ್ಟಳು.

“ಒಂದು ಚುಕ್ಕಿ ಐತೆ.”

“ಅದೇ. ಅದರ ಸುತ್ತ ಐದು ಗ್ರಹಗಳಿವೆ.”

“ಎಲ್ಲಿ ಅವೆ?”

“ಅವು ಕಾಣುವುದಿಲ್ಲ.”

“ಅವುನಾ! ಕಾಣ್ದೇ ಇರೋದ್ನ ನೋಡಾಕೆ ಕಾಣೋ ದೀಪ ತೆಗೆಸಿದ್ರಾ?” ಬೀದಿ ನಕ್ಕಿತು. ನಾನು ಕುಗ್ಗದೆ, ಅವುಗಳಲ್ಲೊಂದರ ಮೇಲೆ ಕಲ್ಲೂ ಕರಗುವಷ್ಟು ಶಾಖವಿದೆ ಎಂದೆ. “ಪಾವಗಡಕ್ಕಿಂತ ಜಾಸ್ತಿನಾ?” ಎಂದಳು. ಹೌದೆಂದೆ. ನಂಬಲಿಲ್ಲ. “ಜನ ಅವ್ರಾ ಅಲ್ಲಿ?” ಇರಲಾರರು, ಆದರೆ ಬೇರೆಲ್ಲಾದರೂ ಜೀವಿಗಳಿರಬಹುದು, ಹುಡುಕುತ್ತಿದ್ದಾರೆ ಎಂದೆ. “ಸಿಕ್ರೆ ಕರ್ಕೊಂಡ್ ಬನ್ನಿ, ಹುಣಸೆ ಬಿಡ್ಸಾಕೆ ಕೈ ಸಾಲ್ದು.” ಸುಶೀಲ ಮಾತ್ರ ಎರಡು ಸಲ ನೋಡಿದಳು. “ನಂದೂ ಕರ್ಕಾಟಕ ರಾಶೀನೇ ಕಣ್ರೀ” ಎಂದು ಸಂತೋಷದಿಂದ ಹೇಳಿದಳು. ರಾಶಿಗೂ ಮನುಷ್ಯರಿಗೂ ಸಂಬಂಧವಿಲ್ಲವೆಂದು ನಾನು ಅಲ್ಲಿಯೇ ವಿಶದವಾಗಿ ನಿರೂಪಿಸಿದೆ. ಅವಳು ಮೂರನೆಯ ಸಲ ನೋಡಲಿಲ್ಲ.

ಮರುದಿನ ಸಂಜೆ ಮೂಟೆಗಳೂ ಕಲ್ಲುಗಳೂ ದೀಪವನ್ನು ಹಿಂಬಾಲಿಸಿ ಹಿಂದಿನ ಬೀದಿಗೆ ಹೋದವು. “ಸಾರು ಬಿಸಿ ಮಾಡ್ಕೊಳ್ರೀ” ಎಂದು ಸುಶೀಲಳೂ ಹೋದಳು. ನನಗೆ ಬೇಕಾಗಿದ್ದ ಕತ್ತಲೆ ಸಂಪೂರ್ಣವಾಗಿ ದೊರೆಯಿತು. ನಕ್ಷತ್ರ ಸ್ಫುಟವಾಗಿ ಕಾಣುತ್ತಿತ್ತು. ‘ಇಗೋ ನೋಡು’ ಎನ್ನಲು ಮಾತ್ರ ಯಾರೂ ಇರಲಿಲ್ಲ. ಮನೆಗಳ ಸಾಲಿನ ಆಚೆಯಿಂದ ಕುಟ್ಟುವ ಸದ್ದೂ ನಗೆಯೂ ತೇಲಿಬರುತ್ತಿದ್ದವು. ಮಾತು ಮಾತ್ರ ತಿಳಿಯುತ್ತಿರಲಿಲ್ಲ. ಮೇಕೆಯ ವ್ಯಾಜ್ಯ ಏನಾಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಬೇರೆ ಲೋಕದವರು ಯಾರಾದರೂ ಇರುಳಿನ ದೀಪಗಳನ್ನು ಗುರುತಿಸಿ ನಮ್ಮ ಭೂಮಿಯಲ್ಲಿ ಜೀವಿಗಳಿರುವುದನ್ನು ಊಹಿಸಬಹುದೆಂದು ಭಾಷಣದಲ್ಲಿ ಹೇಳುತ್ತಿದ್ದೆ. ಹಾಗೆ ನೋಡಿದವರು ನಮ್ಮ ಬೀದಿಯನ್ನು ನಿರ್ಜೀವವೆಂದೇ ಬರೆದುಕೊಳ್ಳುವರು. ಅವರ ತೀರ್ಮಾನದಲ್ಲಿ ದೋಷವಿಲ್ಲ.

ದೀಪವನ್ನು ಮರಳಿ ಕೇಳಲು ಹಿಂದಿನ ಬೀದಿಗೆ ಹೋದೆ. ಅಲ್ಲಿಯವರು ಹಾರ ತಂದು ಹಾಕಿದರು. “ಉಳ್ಳೋರು ಇಲ್ದೋರಿಗೆ ಬುಟ್ಕೊಡ್ಬೇಕು ಅಂದ್ರಂತೆ, ಎಂಥಾ ಮಾತು ಮೇಷ್ಟ್ರೇ!” ಎಂದರು. ನನ್ನ ವಾದಕ್ಕೆ ನಾನೇ ಉತ್ತರ ಹುಡುಕಿದೆ. ದುರದೃಷ್ಟವಶಾತ್ ಅದನ್ನು ಬಲವಾಗಿಯೇ ಕಟ್ಟಿದ್ದೆ. ಹಾರ ಕೈಯಲ್ಲಿ ಹಿಡಿದು ಮರಳಿದೆ.

ನಿನ್ನೆ ಸಂಜೆ ತಡೆಯಲಾಗದೆ ಮತ್ತೆ ಹೋದೆ. ಭಾಷಣವಿಲ್ಲದೆ ಹೋಗಿ ಅಭ್ಯಾಸವಿಲ್ಲವಾದ್ದರಿಂದ, ಎಲ್ಲಿ ನಿಲ್ಲಬೇಕೆಂದು ತಿಳಿಯದೆ, ಕಂಬದ ಬುಡದಲ್ಲಿ ಸುಮ್ಮನೆ ನಿಂತೆ. ಯಾರೂ ತಲೆಯೆತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಗಂಗಮ್ಮ ತನ್ನ ಬುಟ್ಟಿಯ ಮೇಲೆ ಬಿದ್ದ ನೆರಳನ್ನು ನೋಡಿ ಗದರಿದಳು: “ಯಾರ್ಲಾ ಅದು, ಬೆಳಕಿಗೆ ಅಡ್ಡ?”

ಸುಶೀಲ ತಿರುಗಿದಳು. “ಅಯ್ಯೋ, ನೀವಾ? ಯಾವಾಗ ಬಂದ್ರಿ?”

ಬೆಳಕು ಕಿಂಚಿತ್ತು ಕುಂದಿದ್ದರಿಂದಲೇ ನಾನು ಇದ್ದೇನೆಂಬುದು ಪತ್ತೆಯಾಯಿತು. ಆ ಸಾದೃಶ್ಯವನ್ನು ಎಲ್ಲರಿಗೂ ವಿವರಿಸಬೇಕೆಂದು ನಾಲಗೆ ತುರಿಸಿತು. ಗಂಗಮ್ಮ ಸುತ್ತಿಗೆ ಎತ್ತಿ ಕಾಯುತ್ತಿದ್ದಳು. ಪಕ್ಕಕ್ಕೆ ಸರಿದು, ಅವರು ಬಿಟ್ಟ ಜಾಗದಲ್ಲಿ ಕುಳಿತೆ.